ಈ ನಾಣ್ಯ ಯಾರದು? ಬೆಳ್ಳಿಯ ಸಾಕ್ಷ್ಯ, ನೆಲದ ಸಾಕ್ಷ್ಯ

ಹಳೆಯ ನಾಣ್ಯವೊಂದು ಸಿಕ್ಕಿದಾಗ ಮೊದಲು ಏಳುವ ಪ್ರಶ್ನೆ ‘ಇದು ಯಾರದು’ ಎಂಬುದು. ಕೇಳಲು ಒಂದೇ ಪ್ರಶ್ನೆ, ಒಳಗೆ ನಾಲ್ಕಿವೆ. ಇದನ್ನು ಹೊರಡಿಸಿದ ಅಧಿಕಾರ ಯಾವುದು? ಯಾವ ಟಂಕಸಾಲೆಯಲ್ಲಿ ಅಚ್ಚಾಯಿತು? ಯಾವಾಗ? ಎಲ್ಲೆಲ್ಲಿ ಚಲಾವಣೆಯಾಗಿ ಕೊನೆಗೆ ಎಲ್ಲಿ ಮಣ್ಣು ಸೇರಿತು? ನಾಣ್ಯದ ಚಿತ್ರ, ಬರಹ, ಲೋಹ, ತೂಕ, ಸಿಕ್ಕ ಜಾಗ ಇವುಗಳಲ್ಲಿ ಪ್ರತಿಯೊಂದೂ ಈ ನಾಲ್ಕರಲ್ಲಿ ಒಂದೆರಡಕ್ಕೆ ಉತ್ತರ ಕೊಡುತ್ತದೆ, ನಾಲ್ಕಕ್ಕೂ ಕೊಡುವುದಿಲ್ಲ. ಒಂದು ಪ್ರಶ್ನೆಗೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೂ ಅಂಟಿಸಿಬಿಡುವುದರಿಂದಲೇ ನಾಣ್ಯಶಾಸ್ತ್ರದ ಬಹುಪಾಲು ತಪ್ಪುಗಳು ಹುಟ್ಟಿವೆ. ಈ ಸಾಕ್ಷ್ಯಗಳಲ್ಲಿ ಸಿಕ್ಕ ಜಾಗದ್ದು ಮಾತ್ರ ಒಮ್ಮೆ ಕಳೆದುಹೋದರೆ ಮತ್ತೆ ದೊರೆಯುವಂಥದ್ದಲ್ಲ. ಆದ್ದರಿಂದ ನಾಣ್ಯವನ್ನು ಉಳಿಸಿಕೊಳ್ಳುವಷ್ಟೇ ಮುಖ್ಯವಾದ ಕೆಲಸ ಅದು ಸಿಕ್ಕ ನೆಲದ ವಿವರವನ್ನು ಉಳಿಸಿಕೊಳ್ಳುವುದು.

ತುಮಕೂರು ಸೀಮೆಯಂಥ ಕಡೆ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಎರಿಮಾದನಾಯಕನಿಂದ ಮೊದಲಾದ ಪಾಳೆಯಗಾರ ಮನೆತನದ ರಾಜಧಾನಿಯಾಗಿತ್ತು. ಪಕ್ಕದ ಚಿಕ್ಕನಾಯಕನಹಳ್ಳಿ ಇದೇ ಮನೆತನದ ಚಿಕ್ಕನಾಯಕನ ಹೆಸರು ಹೊತ್ತಿದೆ. ಆದರೆ ಪಾಳೆಯಗಾರರಿಗೆ ಮೊದಲೂ ಆಮೇಲೂ ಈ ಸೀಮೆಯನ್ನು ಆಳಿದವರು ಅನೇಕರು: ತಲಕಾಡಿನ ಗಂಗರು, ನೊಳಂಬರು, ಹೊಯ್ಸಳರು, ವಿಜಯನಗರದವರು. ಬಿಜಾಪುರದ ಸೇನೆ ಇಲ್ಲಿಗೆ ಬಂತು, ಮೊಗಲರು ಸಿರಾದಲ್ಲಿ ಸುಬಾ ಕಟ್ಟಿದರು, ಮರಾಠರು ಬಂದುಹೋದರು, ಮೈಸೂರು ಒಡೆಯರೂ ಹೈದರಾಲಿಯೂ ಆಳಿದರು. ಪ್ರತಿ ಆಳ್ವಿಕೆಯಲ್ಲೂ ಸಂತೆಗೆ ಹೊಸ ನಾಣ್ಯ ಬಂತು, ಹಳೆಯದೂ ನಡೆಯುತ್ತಲೇ ಇತ್ತು. ಹೀಗಿರುವಾಗ ಹಾಗಲವಾಡಿಯ ಹೊಲದಲ್ಲಿ ನೇಗಿಲಿಗೆ ಸಿಕ್ಕ ನಾಣ್ಯ ಹಾಗಲವಾಡಿಯದೇ ಆಗಿರಬೇಕಿಲ್ಲ. ಪಾಳೆಯಗಾರರಲ್ಲಿ ಚಿತ್ರದುರ್ಗದವರ ದುರ್ಗಿ ವರಹ ಹೆಸರುವಾಸಿಯಾಗಿತ್ತು. ಒಂದು ಮನೆತನ ವರಹ ಹೊರಡಿಸಿತೆಂದ ಮಾತ್ರಕ್ಕೆ ಎಲ್ಲ ಪಾಳೆಯಪಟ್ಟುಗಳೂ ಟಂಕಸಾಲೆ ಇಟ್ಟಿದ್ದವು ಎನ್ನಲಾಗದು. ಬರಹವಿಲ್ಲದ ನಾಣ್ಯವನ್ನು ಊರಿನ ಹಳೆಯ ದೊರೆಯ ಲೆಕ್ಕಕ್ಕೆ ಬರೆಯುವುದು ಅಭಿಮಾನಕ್ಕೆ ಹಿತವಾಗಿರುತ್ತದೆ, ಚರಿತ್ರೆಗೆ ಅಷ್ಟು ಸಾಲದು.

ಕಾರ್ತೇಜಿನ ಉದಾಹರಣೆ

ಈ ತೊಡಕು ಎಷ್ಟು ಆಳವಾದದ್ದೆಂದು ತಿಳಿಯಲು ಮೆಡಿಟರೇನಿಯನ್ ಸಮುದ್ರದ ಹಳೆಯ ವ್ಯಾಪಾರಿ ನಗರ ಕಾರ್ತೇಜನ್ನು ನೋಡಬಹುದು. ಇಂದಿನ ಟುನೀಷಿಯಾದಲ್ಲಿದ್ದ ಆ ನಗರ ಕ್ರಿ.ಪೂ. 5ನೇ ಶತಮಾನದ ಕೊನೆಯ ಹೊತ್ತಿಗೆ ಬೆಳ್ಳಿ ನಾಣ್ಯ ಹೊರಡಿಸಲು ತೊಡಗಿತು. ಸಿಸಿಲಿ ದ್ವೀಪದಲ್ಲಿ ಗ್ರೀಕರೊಡನೆ ನಡೆದ ಯುದ್ಧಗಳಲ್ಲಿ ಕೂಲಿಸೈನಿಕರಿಗೆ ಸಂಬಳ ಕೊಡಬೇಕಾಗಿತ್ತು. ಆ ಸೈನಿಕರಿಗೆ ಪರಿಚಿತವಾಗಿದ್ದದ್ದು ಗ್ರೀಕ್ ಮಾದರಿಯ ನಾಣ್ಯ. ಹಾಗಾಗಿ ಕಾರ್ತೇಜಿನ ನಾಣ್ಯಗಳ ಮೇಲೆ ಸಿರಕ್ಯೂಸ್ ನಗರದ ದೇವತೆಯ ಮುಖ ಬಂತು, ಮುಂದೆ ಅಲೆಕ್ಸಾಂಡರನ ನಾಣ್ಯಗಳಲ್ಲಿರುವ ಸಿಂಹಚರ್ಮ ಹೊದ್ದ ಹೆರಾಕ್ಲಿಸ್ ಬಂದ. ಕುದುರೆ ಮತ್ತು ಈಚಲ ಜಾತಿಯ ಮರ ಮಾತ್ರ ಕಾರ್ತೇಜಿನ ಸ್ವಂತ ಗುರುತುಗಳು. ಕೆಲವು ನಾಣ್ಯಗಳ ಮೇಲೆ ಕಾರ್ತೇಜಿನವರ ಪ್ಯೂನಿಕ್ ಲಿಪಿಯಲ್ಲಿ ನಗರದ ಹೆಸರಿದೆ, ಕೆಲವುಗಳ ಮೇಲೆ ‘ದಂಡಿನ ಜನ’ ಎಂದಿದೆ, ಇನ್ನು ಕೆಲವುಗಳ ಮೇಲೆ ಲೆಕ್ಕಾಧಿಕಾರಿಗಳ ಹುದ್ದೆಯ ಹೆಸರಿದೆ. ಕಾರ್ತೇಜಿನ ಹೆಸರು ಹೊತ್ತ ನಾಣ್ಯವೂ ಸಿಸಿಲಿಯಲ್ಲೇ ಅಚ್ಚಾಗಿರಬಹುದು. ದಂಡಿನ ಹೆಸರು ಹೊತ್ತದ್ದು ಯಾವ ಪಾಳೆಯದಲ್ಲಿ ತಯಾರಾಯಿತೆಂದು ನಾಣ್ಯವೇ ಹೇಳುವುದಿಲ್ಲ.

ಬ್ರಿಟಿಷ್ ಮ್ಯೂಸಿಯಮ್ಮಿನ ಜಿ. ಕೆ. ಜೆಂಕಿನ್ಸ್ 1970ರ ದಶಕದಲ್ಲಿ ಈ ಗೋಜಲನ್ನು ಬಿಡಿಸಲು ಅಚ್ಚುಗಳ ಹೋಲಿಕೆಯ ದಾರಿ ಹಿಡಿದರು. ಆ ಕಾಲದ ಅಚ್ಚುಗಳನ್ನು ಕೈಯಿಂದಲೇ ಕೊರೆಯುತ್ತಿದ್ದುದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ. ಎರಡು ನಾಣ್ಯಗಳ ಮುಖಭಾಗ ಒಂದೇ ಅಚ್ಚಿನದಾಗಿ ಹಿಂಬದಿ ಬೇರೆ ಬೇರೆ ಅಚ್ಚಿನದಾಗಿದ್ದರೆ, ಆ ಎರಡೂ ಹಿಂಬದಿ ಅಚ್ಚುಗಳು ಒಂದೇ ಟಂಕಸಾಲೆಗೆ ಸೇರಿದವೆಂದು ಹೇಳಲು ಬಲವಾದ ಆಧಾರ ಸಿಗುತ್ತದೆ. ಬಳಕೆಯಲ್ಲಿ ಅಚ್ಚು ಬಿರುಕು ಬಿಡುತ್ತದೆ. ಬಿರುಕಿಲ್ಲದ ನಾಣ್ಯ ಮೊದಲಿನದು, ಬಿರುಕಿನ ಗೆರೆ ಮೂಡಿದ್ದು ನಂತರದ್ದು. ಹೀಗೆ ಕೊಂಡಿಗೆ ಕೊಂಡಿ ಸೇರಿಸಿದಾಗ ನಾಣ್ಯಗಳ ಸರಣಿಯೂ ಹಿಂದುಮುಂದಿನ ಕ್ರಮವೂ ಖಚಿತವಾಗುತ್ತವೆ. ಅಷ್ಟಾದರೂ ಆ ಸರಣಿ ತಯಾರಾದ ಊರು ಯಾವುದು ಎಂಬುದಕ್ಕೆ ಅಚ್ಚಿನಲ್ಲಿ ಉತ್ತರವಿಲ್ಲ. ಅದಕ್ಕೆ ನಿಧಿಗಳು ಎಲ್ಲೆಲ್ಲಿ ಸಿಕ್ಕವು ಎಂಬ ಪಟ್ಟಿಯೇ ಬೇಕು.

ಚಿತ್ರವನ್ನು ಎಷ್ಟು ನಂಬಬಹುದು

ಚಿತ್ರ ನೋಡಿ ದೊರೆಯನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭದ ದಾರಿ, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಇದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ. ಶಿವಪಾರ್ವತಿಯರು ಕುಳಿತಿರುವ ಚಿನ್ನದ ನಾಣ್ಯವನ್ನು ವಿಜಯನಗರದ ಅರಸರು ಹೊರಡಿಸಿದರು. ಅದೇ ಚಿತ್ರ ಕೆಳದಿಯ ನಾಯಕರ ಇಕ್ಕೇರಿ ವರಹದ ಮೇಲೆ ಮುಂದುವರಿಯಿತು. ಅದರ ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’ ಎಂದಿದೆ. ವಿಜಯನಗರದಲ್ಲಿ ಸದಾಶಿವರಾಯ, ಕೆಳದಿಯಲ್ಲಿ ಸದಾಶಿವನಾಯಕ, ಇಬ್ಬರೂ 16ನೇ ಶತಮಾನದ ಸಮಕಾಲೀನರು. ಚಿತ್ರವೂ ಒಂದೇ, ಹೆಸರೂ ಒಂದೇ ಆದಾಗ ತೂಕ, ಅಚ್ಚಿನ ಕೆಲಸ, ಸಿಕ್ಕ ಜಾಗ ಇವೇ ವಿವೇಚನೆಗೆ ಉಳಿಯುವ ಆಧಾರಗಳು. 1763ರಲ್ಲಿ ಕೆಳದಿಯವರ ಬಿದನೂರನ್ನು ಗೆದ್ದ ಹೈದರಾಲಿ ಕೂಡ ಶಿವಪಾರ್ವತಿಯರ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ಪಾರ್ಸಿ ಲಿಪಿಯ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಹಾಕಿಸಿದ. ಆ ಒಂದು ಅಕ್ಷರ ಸವೆದುಹೋಗಿದ್ದರೆ ಹೈದರನ ನಾಣ್ಯ ಇಕ್ಕೇರಿಯದೆಂದೇ ದಾಖಲಾಗುತ್ತಿತ್ತು.

ಇದರ ಕಾರಣ ಸಂತೆಯ ನಂಬಿಕೆಯಲ್ಲಿದೆ. ಜನ ಒಮ್ಮೆ ನೆಚ್ಚಿಕೊಂಡ ನಾಣ್ಯದ ರೂಪವನ್ನು ಬದಲಿಸಿದರೆ ಚಿನಿವಾರ ಅದನ್ನು ಬಟ್ಟ ಹಿಡಿದು, ಅಂದರೆ ಬೆಲೆ ಕಡಿತ ಮಾಡಿ, ಕೊಳ್ಳುತ್ತಾನೆ, ರೈತ ಕಂದಾಯಕ್ಕೆ ಕೊಡಲು ಅನುಮಾನಿಸುತ್ತಾನೆ. ಹೊಸ ದೊರೆಗೂ ಹಳೆಯ ರೂಪವೇ ಲಾಭ. ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಹೊರಡಿಸಿದ ಕಂಠೀರಾಯಿ ಹಣವನ್ನು 1799ರ ನಂತರ ದಿವಾನ್ ಪೂರ್ಣಯ್ಯನವರು ಮತ್ತೆ ಅಚ್ಚುಹಾಕಿಸಿದ್ದೂ ಇದೇ ನೆಚ್ಚಿಕೆಯ ಬಲದಿಂದ. ಕಾರ್ತೇಜು ಗ್ರೀಕರ ಮುಖಗಳನ್ನು ಎರವಲು ಪಡೆದದ್ದಕ್ಕೂ ಹೈದರನು ಇಕ್ಕೇರಿಯ ದೇವರನ್ನು ಉಳಿಸಿಕೊಂಡದ್ದಕ್ಕೂ ಮೂಲ ಒಂದೇ. ಹಾಗಾಗಿ ನಾಣ್ಯದ ಚಿತ್ರದಿಂದ ತಿಳಿಯುವುದು ಆ ಕಾಲದ ಜನ ಯಾವ ಹಣವನ್ನು ನಂಬುತ್ತಿದ್ದರು ಎಂಬುದು. ಆಳಿದವರು ಯಾರು ಎಂಬುದು ಅದರಿಂದ ಎಲ್ಲ ಸಲವೂ ತಿಳಿಯುವುದಿಲ್ಲ.

ಬರಹವೂ ಪೂರ್ತಿ ಸತ್ಯವಲ್ಲ

ಅಕ್ಷರವಿದ್ದರೆ ಸಮಸ್ಯೆ ಮುಗಿಯಿತೆಂದು ಅನ್ನಿಸುವುದು ಸಹಜ. ಹೊಯ್ಸಳರ ಚಿನ್ನದ ನಾಣ್ಯಗಳ ಮೇಲೆ ಅಚ್ಚ ಕನ್ನಡ ಲಿಪಿಯಲ್ಲಿ ‘ಶ್ರೀ ತಲಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಬರಹಗಳಿವೆ. ಇಂದಿನ ತುಮಕೂರು ಜಿಲ್ಲೆಯ ಉತ್ತರ ಭಾಗ ಆ ನೊಣಂಬವಾಡಿಗೆ ಸೇರಿದ್ದುದರಿಂದ ಈ ನಾಣ್ಯ ಈ ಸೀಮೆಗೆ ಹತ್ತಿರದ್ದು. ಆದರೆ ನಾಣ್ಯದಲ್ಲಿರುವುದು ಬಿರುದು, ಅರಸನ ಹೆಸರಲ್ಲ. ಚೋಳರಿಂದ ತಲಕಾಡನ್ನು ಗೆದ್ದವನು ವಿಷ್ಣುವರ್ಧನ ಎಂದು ಶಾಸನಗಳು ಹೇಳುವುದರಿಂದ ಈ ನಾಣ್ಯಗಳನ್ನು ಅವನ ಕಾಲಕ್ಕೆ ಸೇರಿಸಲಾಗಿದೆ. ಆ ಬಿರುದುಗಳನ್ನು ಅವನ ನಂತರ ಪಟ್ಟವೇರಿದವರೂ ಧರಿಸಿದರು. ನಾಣ್ಯ ಹೊಯ್ಸಳರದು ಎಂಬುದರಲ್ಲಿ ಸಂಶಯವಿಲ್ಲ. ವಿಷ್ಣುವರ್ಧನನದೇ ಎಂಬುದು ಬಲವಾದ ತರ್ಕದಿಂದ ಬಂದ ತೀರ್ಮಾನ. ಈ ಎರಡು ಮಾತುಗಳ ಖಚಿತತೆಯ ಮಟ್ಟ ಬೇರೆ ಬೇರೆ ಎಂಬುದನ್ನು ಮರೆಯಬಾರದು.

ಬೆಳ್ಳಿಯಲ್ಲಿ ಇದಕ್ಕಿಂತ ತೊಡಕಿನ ಉದಾಹರಣೆ ಆರ್ಕಾಟು ರೂಪಾಯಿ. ಅದರ ಮೇಲೆ ಮೊಗಲ್ ಬಾದಶಹನ ಹೆಸರಿದೆ, ಆಳ್ವಿಕೆಯ ವರ್ಷವಿದೆ, ಆರ್ಕಾಟು ಎಂಬ ಟಂಕಸಾಲೆಯ ಹೆಸರೂ ಇದೆ. ಆದರೆ ಈ ರೂಪಾಯಿಗಳನ್ನು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಮದರಾಸಿನಲ್ಲೂ ಫ್ರೆಂಚರು ಪಾಂಡಿಚೇರಿಯಲ್ಲೂ ಅಚ್ಚುಹಾಕಿದರು. ಕಂಪನಿಯಂತೂ ಎರಡನೇ ಆಲಂಗೀರನ ಹೆಸರನ್ನೂ ಹಿಜರಿ 1172 ಎಂಬ ವರ್ಷವನ್ನೂ ಬದಲಿಸದೆ 19ನೇ ಶತಮಾನದ ಆರಂಭದವರೆಗೂ ಹಾಕುತ್ತಲೇ ಹೋಯಿತು. ಬಾದಶಹ 1759ರಲ್ಲೇ ತೀರಿಕೊಂಡಿದ್ದ. ಹೊರಡಿಸಿದವರು, ಊರು, ವರ್ಷ ಮೂರನ್ನೂ ನಾಣ್ಯವೇ ಹೇಳುತ್ತಿದ್ದರೂ ಮೂರೂ ನಿಜವಲ್ಲ. ಇಲ್ಲಿ ನಿಜ ಹೇಳುವುದು ಮೂಲೆಯಲ್ಲಿರುವ ಸಣ್ಣ ಗುರುತು: ಕಂಪನಿಯದರಲ್ಲಿ ತಾವರೆ, ಫ್ರೆಂಚರದರಲ್ಲಿ ಬಾಲಚಂದ್ರ. ಇದಕ್ಕೆ ಎದುರಾಗಿ ಟಿಪ್ಪು ಸುಲ್ತಾನನ ಬೆಳ್ಳಿ ನಾಣ್ಯಗಳನ್ನಿಡಬಹುದು. ಜೋಡಿ ರೂಪಾಯಿಗೆ ಹೈದರಿ, ರೂಪಾಯಿಗೆ ಇಮಾಮಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ ಎಂದು ಒಂದೊಂದಕ್ಕೂ ಹೆಸರಿಟ್ಟು, ಟಂಕಸಾಲೆ ಮತ್ತು ವರ್ಷಗಳನ್ನು ನಮೂದಿಸಿದ ವ್ಯವಸ್ಥೆ ಅದು. ಎರಡರಲ್ಲೂ ಬರಹವಿದೆ. ಯಾವುದನ್ನು ನಂಬಬೇಕು, ಯಾವುದನ್ನು ಶೋಧಿಸಬೇಕು ಎಂಬುದು ನಾಣ್ಯದ ಹೊರಗಿನ ಚರಿತ್ರೆಯಿಂದಲೇ ತಿಳಿಯಬೇಕು.

ಹೆಸರಿಲ್ಲದ ಬೆಳ್ಳಿ

ಭಾರತದ ಅತ್ಯಂತ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಅಕ್ಷರವೇ ಇಲ್ಲ. ಮುದ್ರಾಂಕಿತ ನಾಣ್ಯ ಅಥವಾ ಕಾರ್ಷಾಪಣ ಎಂದು ಕರೆಯುವ ಇವು ಬೆಳ್ಳಿಯ ತಗಡನ್ನು ಕತ್ತರಿಸಿ, ಮೂಲೆ ಸವರಿ ತೂಕಕ್ಕೆ ತಂದು, ಮುಖಭಾಗದಲ್ಲಿ ಸಾಮಾನ್ಯವಾಗಿ ಐದು ಗುರುತುಗಳನ್ನು ಬಿಡಿಬಿಡಿಯಾಗಿ ಒತ್ತಿ ಮಾಡಿದವು. ಸೂರ್ಯ, ಬೆಟ್ಟ, ಮರ, ಆನೆ, ಎತ್ತು ಇಂಥ ಗುರುತುಗಳು ಬೇರೆ ಬೇರೆ ಜೋಡಣೆಯಲ್ಲಿ ಬರುತ್ತವೆ. ತೂಕ 32 ಗುಲಗಂಜಿ, ಅಂದರೆ ಸುಮಾರು 3.4 ಗ್ರಾಂ. ದೊರೆಯ ಹೆಸರಿಲ್ಲ, ಊರಿಲ್ಲ, ವರ್ಷವಿಲ್ಲ. ಒಂದೊಂದು ಗುರುತನ್ನು ಒಂದೊಂದು ರಾಜವಂಶದ ಲಾಂಛನವೆಂದು ಊಹಿಸುವ ಪ್ರಯತ್ನಗಳು ಬಹಳ ನಡೆದವು. ಊಹೆಗೆ ತಡೆ ಹಾಕುವ ಅಳತೆ ಮಾತ್ರ ಇರಲಿಲ್ಲ.

ಆ ಅಳತೆಯನ್ನು ತಂದವರು ಗಣಿತಜ್ಞರಾಗಿದ್ದ ಡಿ. ಡಿ. ಕೋಸಂಬಿ. ತಕ್ಷಶಿಲೆಯ ಭೀರ್ ದಿಬ್ಬದಲ್ಲಿ 1924ರಲ್ಲಿ ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತ್ತು. ಕೋಸಂಬಿ ನಾಣ್ಯಗಳ ತೂಕವನ್ನು ಸಂಖ್ಯಾಶಾಸ್ತ್ರದ ಕಣ್ಣಿನಿಂದ ನೋಡಿದರು. ನಾಣ್ಯ ಕೈಯಿಂದ ಕೈಗೆ ಹೋದಷ್ಟೂ ಸವೆಯುತ್ತದೆ. ಹಿಂಬದಿಯಲ್ಲಿ ಪರೀಕ್ಷಕರು ಒತ್ತಿದ ಸಣ್ಣ ಗುರುತುಗಳು ಹೆಚ್ಚಾದಷ್ಟೂ ಸರಾಸರಿ ತೂಕ ಇಳಿಯುತ್ತದೆ. ಒಂದೇ ನಿಧಿಯಲ್ಲಿ ಹೆಚ್ಚು ಸವೆದ ಗುಂಪು ಹಳೆಯದು, ಕಡಿಮೆ ಸವೆದದ್ದು ಹೊಸದು. ದೊರೆಯ ಹೆಸರು ತಿಳಿಯದಿದ್ದರೂ ಸರಣಿಯ ಕ್ರಮ ತಿಳಿಯಿತು. ಕಾಲದ ಗೂಟವೂ ಅದೇ ಮಡಕೆಯಲ್ಲಿತ್ತು: ಅಲೆಕ್ಸಾಂಡರನ ಎರಡು ನಾಣ್ಯಗಳು, ಅವನ ನಂತರ ಪಟ್ಟಕ್ಕೆ ಬಂದ ಫಿಲಿಪ್ ಅರಿಡಿಯಸ್‌ನದೊಂದು. ಹೀಗಾಗಿ ನಿಧಿ ಹೂತದ್ದು ಕ್ರಿ.ಪೂ. 4ನೇ ಶತಮಾನದ ಕೊನೆಯ ಕಾಲಭಾಗಕ್ಕಿಂತ ಮೊದಲಲ್ಲ. ಈ ಲೆಕ್ಕ ಸಾಧ್ಯವಾದದ್ದು ನಾಣ್ಯಗಳೆಲ್ಲ ಒಟ್ಟಿಗೆ ಸಿಕ್ಕಿ ಒಟ್ಟಿಗೆ ಉಳಿದದ್ದರಿಂದ. ಅದೇ ನಾಣ್ಯಗಳು ಬಿಡಿಬಿಡಿಯಾಗಿ ಹತ್ತು ಅಂಗಡಿಗಳಿಗೆ ಹಂಚಿಹೋಗಿದ್ದರೆ ಯಾವ ಗಣಿತದಿಂದಲೂ ಈ ತಿಳಿವಳಿಕೆ ಬರುತ್ತಿರಲಿಲ್ಲ.

ಒಂದರ ಮೇಲೊಂದು ಅಚ್ಚು

ನಾಣ್ಯವೇ ತನ್ನ ಹಿಂದುಮುಂದನ್ನು ಸಾರಿ ಹೇಳುವ ಸಂದರ್ಭ ಒಂದಿದೆ. ಹಳೆಯ ನಾಣ್ಯವನ್ನು ಕರಗಿಸದೆ ಅದರ ಮೇಲೆಯೇ ಹೊಸ ಅಚ್ಚು ಹೊಡೆದಾಗ ಕೆಳಗಿನ ಚಿತ್ರ ಪೂರ್ತಿ ಅಳಿಯುವುದಿಲ್ಲ. 1906ರಲ್ಲಿ ನಾಸಿಕದ ಬಳಿಯ ಜೋಗಲತೆಂಬಿಯಲ್ಲಿ 13,000ಕ್ಕೂ ಮಿಕ್ಕಿದ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಎಲ್ಲವೂ ಕ್ಷಹರಾತ ವಂಶದ ನಹಪಾನನವು. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯ ಬೆಟ್ಟದ ಗುರುತು ಮತ್ತು ಉಜ್ಜಯಿನಿಯ ಗುರುತು ಬಿದ್ದಿವೆ. ನಹಪಾನನ ಮೂಗು, ಗಲ್ಲ, ಗ್ರೀಕ್ ಅಕ್ಷರಗಳ ತುಣುಕು ಹೊಸ ಅಚ್ಚಿನ ಅಂಚಿನಲ್ಲಿ ಇಣುಕುತ್ತವೆ. ಯಾರು ಮೊದಲು, ಯಾರು ನಂತರ ಎಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ಗೌತಮೀಪುತ್ರನು ಕ್ಷಹರಾತ ವಂಶವನ್ನು ಬೇರುಸಹಿತ ಕಿತ್ತನೆಂದು ಅವನ ತಾಯಿ ಬಲಶ್ರೀಯ ನಾಸಿಕ ಶಾಸನ ಹೇಳುವ ಮಾತಿಗೂ ಇದು ಸರಿಹೊಂದುತ್ತದೆ. ಕಾರ್ತೇಜಿನ ಚರಿತ್ರೆಯಲ್ಲೂ ಇಂಥದೇ ಪ್ರಸಂಗವಿದೆ. ರೋಮಿನೊಡನೆ ಮೊದಲ ಯುದ್ಧ ಸೋತಮೇಲೆ, ಕ್ರಿ.ಪೂ. 241ರಲ್ಲಿ, ಸಂಬಳ ಸಿಗದ ಕೂಲಿಸೈನಿಕರೂ ಲಿಬಿಯಾದ ಪ್ರಜೆಗಳೂ ದಂಗೆ ಎದ್ದು ಕಾರ್ತೇಜಿನ ನಾಣ್ಯಗಳ ಮೇಲೆಯೇ ತಮ್ಮ ಅಚ್ಚು ಹೊಡೆದರು. ಲಿಬಿಯನ್ನರ ಹೆಸರು ಗ್ರೀಕ್ ಲಿಪಿಯಲ್ಲಿರುವ ಆ ನಾಣ್ಯಗಳ ಕಾಲ ಮೂರುನಾಲ್ಕು ವರ್ಷಗಳ ಅಂತರದೊಳಗೆ ನಿಲ್ಲುವುದು ಇದರಿಂದಲೇ.

ಸಿಕ್ಕ ನೆಲ ಏನು ಹೇಳುತ್ತದೆ

ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ನರ 163 ಬೆಳ್ಳಿ ದೀನಾರಿಯಸ್‌ಗಳು ಸಿಕ್ಕವು. ಇಂಥ ನಿಧಿಗಳಲ್ಲಿ ಪದೇ ಪದೇ ಕಾಣುವ ಒಂದು ನಾಣ್ಯದ ಮುಖಭಾಗದಲ್ಲಿ ಎಲೆಯ ಕಿರೀಟ ತೊಟ್ಟ ಟೈಬೀರಿಯಸ್ ಚಕ್ರವರ್ತಿ, ಹಿಂಬದಿಯಲ್ಲಿ ರಾಜದಂಡವನ್ನೂ ಕೊಂಬೆಯನ್ನೂ ಹಿಡಿದು ಕುಳಿತ ಹೆಂಗಸು. ಅದು ತಯಾರಾದದ್ದು ಇಂದಿನ ಫ್ರಾನ್ಸಿನ ಲಿಯಾನ್ ನಗರದಲ್ಲಿ, ಕ್ರಿ.ಶ. 14ರಿಂದ 37ರ ನಡುವೆ. ಯಾರು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೂ ಇಷ್ಟು ಸ್ಪಷ್ಟ ಉತ್ತರ ಕೊಡುವ ಪ್ರಾಚೀನ ನಾಣ್ಯಗಳು ಕಡಿಮೆ. ಆದರೂ ಅದು ಯಶವಂತಪುರದ ಮಣ್ಣು ಸೇರಿದ್ದು ಯಾವಾಗ ಎಂಬುದು ಬೇರೆಯೇ ಪ್ರಶ್ನೆ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ದೀನಾರಿಯಸ್‌ನ ತೂಕವನ್ನೂ ಬೆಳ್ಳಿಯ ಅಂಶವನ್ನೂ ಇಳಿಸಿದ. ಹಳೆಯ ಒಳ್ಳೆಯ ಬೆಳ್ಳಿಗೆ ಆಮೇಲೂ ಬೇಡಿಕೆಯಿದ್ದುದರಿಂದ ಟೈಬೀರಿಯಸ್‌ನ ನಾಣ್ಯ ಅವನು ಸತ್ತು ಎಷ್ಟೋ ದಶಕಗಳ ನಂತರವೂ ಭಾರತಕ್ಕೆ ಬಂದಿರಬಹುದು. ನಾಣ್ಯದ ವರ್ಷ ನಿಧಿಯ ಕಾಲಕ್ಕೆ ಹಿಂದಿನ ಗಡಿಯನ್ನಷ್ಟೇ ಹಾಕುತ್ತದೆ.

ಮುಂದಿನ ಗಡಿ ಬೇಕಾದರೆ ಉತ್ಖನನದ ಪದರ ಬೇಕು. ಇದಕ್ಕೆ ಕರ್ನಾಟಕದ ದೊಡ್ಡ ಪಾಠಶಾಲೆ ಚಿತ್ರದುರ್ಗದ ಚಂದ್ರವಳ್ಳಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1909ರಲ್ಲಿ, ಎಂ. ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಅಲ್ಲಿ ಅಗೆದರು. ಶಾತವಾಹನರ ನಾಣ್ಯಗಳು, ಮಹಾರಥಿಗಳ ಸೀಸದ ನಾಣ್ಯಗಳು, ರೋಮನ್ ಬೆಳ್ಳಿ ಇವೆಲ್ಲ ಆ ನೆಲದಲ್ಲಿ ದೊರೆತವು. ಯಾವ ಪದರದಲ್ಲಿ ಯಾವ ಮಡಕೆಚೂರಿನ ಜೊತೆಗೆ ಯಾವ ನಾಣ್ಯವಿತ್ತು ಎಂಬ ದಾಖಲೆಯಿಂದ ದಕ್ಷಿಣ ಭಾರತದ ಮಡಕೆಗಳ ಕಾಲವೂ ನಾಣ್ಯಗಳ ಕಾಲವೂ ಒಂದಕ್ಕೊಂದು ಆಸರೆಯಾದವು.

ಅಲ್ಲಿನ ಸೀಸದ ನಾಣ್ಯಗಳಲ್ಲಿ ಒಂದರ ಕಥೆ ಬೆಳ್ಳಿಯದಕ್ಕೂ ಅನ್ವಯಿಸುತ್ತದೆ. ಮುಖಭಾಗದಲ್ಲಿ ಇಣಿಯುಳ್ಳ ಗೂಳಿ, ಸುತ್ತ ಬ್ರಾಹ್ಮಿಯಲ್ಲಿ ‘ಸದಕಣ ಕಳಲಾಯ ಮಹಾರಥಿ’ಯದು ಎಂಬ ಪ್ರಾಕೃತ ಬರಹ, ಹಿಂಬದಿಯಲ್ಲಿ ಮರ ಮತ್ತು ಬೆಟ್ಟ. ಮಹಾರಾಷ್ಟ್ರದ ನಾಣೇಘಾಟಿನ ಶಾಸನದಲ್ಲಿ ಶಾತವಾಹನರ ರಾಣಿ ನಾಗನಿಕಾಳ ತಂದೆ ಒಬ್ಬ ಮಹಾರಥಿ. ಶಾಸನದ ಸವೆದ ಭಾಗದಲ್ಲಿ ಕಳಲಾಯನ ಹೆಸರೇ ಇದೆಯೆಂದು ಕೆಲವರು ಓದಿ, ಚಂದ್ರವಳ್ಳಿಯ ನಾಣ್ಯವನ್ನು ಶಾತವಾಹನರ ಮೊದಲ ಅರಸರ ಕಾಲಕ್ಕೆ ಏರಿಸಿದರು. ಆದರೆ ಆ ಶಾಸನ ಅವಳ ತಂದೆಯನ್ನು ಅಂಗಿಯ ಕುಲದವನೆನ್ನುತ್ತದೆ, ನಾಣ್ಯ ಸದಕಣ ಎನ್ನುತ್ತದೆ. ಮಹಾರಥಿ ಎಂಬುದು ಪದವಿ, ಹಲವರಿಗಿದ್ದದ್ದು. ಎರಡು ಕಡೆ ಒಂದೇ ಪದವಿ ಕಂಡಿತೆಂದು ಇಬ್ಬರನ್ನು ಒಬ್ಬನನ್ನಾಗಿಸಿದರೆ ನಾಣ್ಯದ ಕಾಲ ಶತಮಾನಗಳಷ್ಟು ಹಿಂದಕ್ಕೆ ಜಾರಬಹುದು. ಇಂಥ ಜೋಡಣೆಗಳನ್ನು ತಡೆದು ನಿಲ್ಲಿಸುವ ಶಕ್ತಿ ಇರುವುದು ಪದರದ ಸಾಕ್ಷ್ಯಕ್ಕೆ. ಕಾರವಾರದ ಕಡೆ ಸಿಕ್ಕ ಚುಟುಕುಲದ ಸೀಸದ ನಾಣ್ಯಗಳ ವಿಷಯದಲ್ಲಿ ಸ್ಥಿತಿ ಮೇಲು: ಅವುಗಳ ಮೇಲಿನ ಚುಟುಕುಲಾನಂದ ಎಂಬ ಹೆಸರು ಬನವಾಸಿಯ ಶಾಸನದಲ್ಲೂ ಬರುತ್ತದೆ, ಎರಡೂ ಒಂದೇ ಸೀಮೆಯವು. ಹೆಸರೂ ನೆಲವೂ ಕೂಡಿದಾಗ ತೀರ್ಮಾನಕ್ಕೆ ಬರುವ ಬಲವೇ ಬೇರೆ.

ಲೋಹಪರೀಕ್ಷೆಯಿಂದ ಮುಗಿಯುವುದೇ?

ಪ್ರಯೋಗಾಲಯಗಳು ಇಷ್ಟು ಮುಂದುವರಿದಿರುವಾಗ ಸಿಕ್ಕ ಜಾಗದ ವಿವರ ಏಕೆ ಬೇಕು ಎಂಬ ವಾದವಿದೆ. ಬೆಳ್ಳಿಯಲ್ಲಿ ಉಳಿದಿರುವ ಸೀಸದ ಐಸೋಟೋಪ್‌ಗಳನ್ನು ಅಳೆದು ಅದಿರು ಯಾವ ಗಣಿಯದೆಂದು ಹುಡುಕುವ ವಿಧಾನವನ್ನು ಪ್ರಾಚೀನ ಬೆಳ್ಳಿಗೆ ಬಳಸಲಾಗುತ್ತಿದೆ. ಅದು ಬೆಲೆಯುಳ್ಳ ಸಾಕ್ಷ್ಯ. ಆದರೆ ಅದು ಉತ್ತರಿಸುವುದು ಐದನೆಯ ಪ್ರಶ್ನೆಗೆ: ಲೋಹ ಎಲ್ಲಿಂದ ಬಂತು? ಬೆಳ್ಳಿ ಕರಗಿ ಮರುಕರಗಿ ಬೆರೆಯುವ ಲೋಹ. ಒಂದು ನಾಣ್ಯದಲ್ಲಿ ಹಳೆಯ ನಾಣ್ಯವೂ ಒಡವೆಯೂ ಕೂಡಿರಬಹುದು. ಗಣಿ ತಿಳಿದರೆ ದೊರೆ ತಿಳಿದಂತಾಗುವುದಿಲ್ಲ. ನುರಿತ ಕಣ್ಣು ಸಾಕೆಂಬ ವಾದಕ್ಕೂ ಮಿತಿಯಿದೆ. ಕ್ರಿ.ಪೂ. 237ರ ನಂತರ ಸ್ಪೇನಿನಲ್ಲಿ ಕಾರ್ತೇಜಿನ ಬಾರ್ಕಾ ಮನೆತನ ಹೊರಡಿಸಿದ ಬೆಳ್ಳಿ ನಾಣ್ಯಗಳಲ್ಲಿ ಗದೆ ಹಿಡಿದ ಪುರುಷಮುಖವಿದೆ, ಹಿಂಬದಿಯಲ್ಲಿ ಆನೆಯಿದೆ. ಅವುಗಳ ಮುಖಗಳಲ್ಲಿ ಆ ಮನೆತನದ ಹ್ಯಾಮಿಲ್ಕಾರ್, ಹ್ಯಾನಿಬಲ್‌ರ ಭಾವಚಿತ್ರ ಇದೆಯೆಂದು ಇ. ಎಸ್. ಜಿ. ರಾಬಿನ್‌ಸನ್ 1956ರಲ್ಲಿ ವಾದಿಸಿದರು; ಅದು ಮೆಲ್ಕಾರ್ತ್ ದೇವರ ಮುಖ ಮಾತ್ರವೆಂದು ಇತರರು ಹೇಳುತ್ತಾರೆ. ಒಂದೇ ಮುಖವನ್ನು ನುರಿತ ಕಣ್ಣುಗಳೇ ಎರಡಾಗಿ ಕಂಡಿವೆ. ಆ ನಾಣ್ಯಗಳು ಸ್ಪೇನಿನವು ಎಂಬುದರಲ್ಲಿ ಮಾತ್ರ ಒಮ್ಮತವಿದೆ. ಆ ಒಮ್ಮತ ಬಂದದ್ದು ಸ್ಪೇನಿನ ನೆಲದಲ್ಲಿ ಸಿಕ್ಕ ನಿಧಿಗಳಿಂದ.

ಇವೆಲ್ಲದರಿಂದ ಹೊರಡುವ ತತ್ತ್ವ ಸರಳವಾದದ್ದು. ನಾಣ್ಯ ಯಾರದೆಂಬ ತೀರ್ಮಾನ ಒಂದಕ್ಕಿಂತ ಹೆಚ್ಚು ಸ್ವತಂತ್ರ ಸಾಕ್ಷ್ಯಗಳ ಮೇಲೆ ನಿಲ್ಲಬೇಕು. ಖಚಿತವಾದದ್ದು, ಬಹುಮಟ್ಟಿಗೆ ಸಂಭವವಾದದ್ದು, ಬರಿಯ ಊಹೆಯಾದದ್ದು ಎಂಬ ಮೂರು ದರ್ಜೆಗಳು ವಸ್ತುಸಂಗ್ರಹಾಲಯದ ಚೀಟಿಯಲ್ಲೂ ಪುಸ್ತಕದ ಪುಟದಲ್ಲೂ ಬೇರೆಯಾಗಿ ಕಾಣಬೇಕು. ಊಹೆಯೊಂದು ಚೀಟಿಗೆ ಏರಿ, ಚೀಟಿಯಿಂದ ಪುಸ್ತಕಕ್ಕೆ ಹೋಗಿ, ಪುಸ್ತಕದಿಂದ ಶಾಲೆಗೆ ಇಳಿದರೆ ಅದನ್ನು ತಿದ್ದುವುದು ಬಲು ಕಷ್ಟ.

ನೆಲದ ಸಾಕ್ಷ್ಯವನ್ನು ಕಾಯುವ ಕಾನೂನು ಹಳೆಯದೇ. 1878ರ ಭಾರತೀಯ ನಿಧಿ ಕಾಯ್ದೆ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕವರು ಅದರ ಸ್ವರೂಪವನ್ನೂ ಸಿಕ್ಕ ಜಾಗವನ್ನೂ ದಿನಾಂಕವನ್ನೂ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು ವಿಧಿಸಿತು. ನಿಧಿಗಳ ಬಗ್ಗೆ ಕರ್ನಾಟಕದ್ದೇ ಆದ 1962ರ ಕಾಯ್ದೆಯೂ ಇದೆ. ಜಾಗ, ದಿನಾಂಕ, ಜೊತೆಗಿದ್ದ ವಸ್ತು ಈ ಮೂರನ್ನು ಬರೆದಿಡುವುದಕ್ಕೆ ಪಂಡಿತರೇ ಬೇಕಿಲ್ಲ. ಕೆರೆಯ ಹೂಳೆತ್ತುವಾಗ, ಕಾಲುವೆ ತೋಡುವಾಗ, ಮನೆಯ ತಳಪಾಯ ಅಗೆಯುವಾಗ ಹಾಗಲವಾಡಿ, ಗುಬ್ಬಿ, ಕುಣಿಗಲ್ ಕಡೆಯ ಯಾವ ಊರಿನಲ್ಲಿ ಗಡಿಗೆಯೊಂದು ಕಂಡರೂ ಗಡಿಗೆಯ ಚೂರನ್ನೂ ಬಿಸಾಡದೆ, ನಾಣ್ಯಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕದೆ, ಹಂಚಿಕೊಳ್ಳದೆ, ಇದ್ದಂತೆಯೇ ತಾಲ್ಲೂಕು ಕಚೇರಿಗೆ ತಿಳಿಸಬೇಕು. ತಿಳಿಸಿದವರಿಗೆ ನ್ಯಾಯವಾದ ಪ್ರತಿಫಲ ವಿಳಂಬವಿಲ್ಲದೆ ಸಿಗುವಂತೆ ನೋಡಿಕೊಳ್ಳುವುದು ಆಡಳಿತದ ಹೊಣೆ. ಭಯದಿಂದಲೋ ಆಸೆಯಿಂದಲೋ ಗುಟ್ಟಾಗಿ ಅಕ್ಕಸಾಲೆಯ ಕುಲುಮೆ ಸೇರಿದ ನಿಧಿಯಿಂದ ಊರಿಗೆ ಉಳಿಯುವುದು ಲೋಹದ ಬೆಲೆ ಮಾತ್ರ; ದಾಖಲಾದ ನಿಧಿಯಿಂದ ಆ ಸೀಮೆಯ ಚರಿತ್ರೆಯ ಒಂದು ಅಧ್ಯಾಯವನ್ನೇ ಬರೆಯಬಹುದು.